ಹೊಳೆಗೆ ಇಳಿಯೋ ಮುಂಚೆ ಹೋಟೆಲಿಗೆ ಹೋಗಿ

📍 ಮಗ್ಗೆ, ಆಲೂರು ತಾಲ್ಲೂಕು

1/6
ರಜಾ ಬಂತು ಅಂದ್ರೆ "ಸಕಲೇಶಪುರ ಹೋಗಣ" ಅಂತ ಗ್ರೂಪಲ್ಲಿ ಮೆಸೇಜ್ ಹಾಕೋ ಕ್ಲಾಸ್‌ಮೇಟ್‌ಗಳಿಗೆಲ್ಲ ನನ್ನದೊಂದು ಮಾತು. ಹೇಮಾವತಿ ದಂಡೇಲಿ ನಡೀರಿ, ಖಂಡಿತ ನಡೀರಿ. ಆದ್ರೆ ಹೊಳೆಗೆ ಇಳಿಯೋ ಮುಂಚೆ ಆ ಊರಿನ ಸಣ್ಣ ಹೋಟೆಲಲ್ಲಿ ಅರ್ಧ ಗಂಟೆ ಕೂತ್ಕೊಳ್ಳಿ. ಹೊಟ್ಟೆ ಹಸಿದಿಲ್ಲ ಅಂದ್ರೂ ಕೂತ್ಕೊಳ್ಳಿ, ಬೈ ಟು ಕಾಫಿ ಹೇಳಿ. ಯಾಕೆ ಇಷ್ಟು ಹಠ ಮಾಡ್ತಿದೀನಿ ಅಂತ ಮುಂದಿನ ಫೋಟೋಗಳ ಜೊತೆ ಓದ್ತಾ ಹೋಗಿ.

2/6
ಇಂಗ್ಲೆಂಡಿನ ಹಳ್ಳಿ ರೀಲ್ಸ್ ನೀವೂ ನೋಡಿರ್ತೀರಿ. ನದಿ ಪಕ್ಕ ನಡಿಗೆ, ಮಧ್ಯೆ ಹಳೇ ಕಾಲದ ಪಬ್, ಮೇಜಿನ ಕೆಳಗೆ ಮಲಗಿರೋ ನಾಯಿ. ಚಂದ ಇರುತ್ತೆ. ಆದ್ರೆ ಅಲ್ಲಿ ಹೊಲದ ನಡುವೆ ಹಾದು ಹೋಗೋ ಎಷ್ಟೋ ಕಾಲುದಾರಿಗಳಲ್ಲಿ ನಡೆಯೋ ಹಕ್ಕನ್ನ ಕಾನೂನೇ ಜನಕ್ಕೆ ಕೊಟ್ಟಿದೆ. ಆರ್ಡ್ನೆನ್ಸ್ ಸರ್ವೆ ನಕ್ಷೆ ತೆಗೆದ್ರೆ ದಾರಿ ಗುರುತೂ ಇದೆ, ಪಬ್ ಇರೋ ಕಡೆ 'ಪಿಎಚ್' ಅಂತ ಎರಡಕ್ಷರವೂ ಇದೆ.

ನಮ್ಮ ಕಡೆ ಮ್ಯಾಪಲ್ಲಿ ಕಾಣೋ ತೆಳು ಗೆರೆ ಯಾರದೋ ಕಾಫಿ ತೋಟದ ಒಳದಾರಿ ಆಗಿರುತ್ತೆ. ಮುಂದೆ ಗೇಟ್ ಇರಬಹುದು, ನಾಯಿ ಬಿಟ್ಟಿರಬಹುದು. ಯಾವ ದಾರೀಲಿ ಹೋದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ ಅನ್ನೋದು ಗೊತ್ತಿರೋದು ಹೋಟೆಲ್ ಬೆಂಚಲ್ಲಿ ಪೇಪರ್ ಓದ್ತಾ ಕೂತಿರೋ ಅಜ್ಜನಿಗೆ. ನಮ್ಮ ನಕ್ಷೆ ಅವರೇ.

3/6
ಆ ಅಜ್ಜನಿಗೆ ಇನ್ನೂ ಒಂದು ವಿಷಯ ಗೊತ್ತಿರುತ್ತೆ. ನಿನ್ನೆ ರಾತ್ರಿ ಆನೆ ಯಾವ ತೋಟದಲ್ಲಿತ್ತು ಅಂತ.

ಇದು ತಮಾಷೆ ಅಲ್ಲ ಕಣ್ರಪ್ಪ. ಹೈಕೋರ್ಟ್ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಆಲೂರು ಭಾಗದ ಆನೆಗಳನ್ನ ಹಿಡಿದು ಸಾಗಿಸಿ ಅಂದಿತ್ತು. 2014ರ ಹೊತ್ತಿಗೆ 22 ಆನೆ ಹಿಡಿದ್ರು. ಆಮೇಲೂ ಆನೆ ಬರೋದು ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೆ ನಡೀತಿದ್ದಾಗ ಕಾಡಾನೆ ಜೊತೆ ಕಾದಾಡಿ ಸತ್ತದ್ದು ನಮ್ಮ ಅರ್ಜುನ. ಎಂಟು ಸಲ ದಸರಾ ಅಂಬಾರಿ ಹೊತ್ತ ಆನೆ ಅದು. ಅಂಥದ್ದಕ್ಕೇ ಆಗದ್ದು ಇಯರ್‌ಫೋನ್ ಹಾಕ್ಕೊಂಡು ನಡೆಯೋ ನಮ್ಮಿಂದ ಆಗುತ್ತಾ? "ಇವತ್ತು ಆ ಕಡೆ ಬೇಡ ಮಗ" ಅಂತ ಹೋಟೆಲಲ್ಲಿ ಯಾರಾದ್ರೂ ಅಂದ್ರೆ ಮರು ಮಾತಾಡದೆ ಗಾಡಿ ತಿರುಗಿಸಿ.

4/6
ನೀರಿನ ವಿಷಯಾನೂ ಅಷ್ಟೇ. ಹೇಮಾವತಿ ಹುಟ್ಟೋದು ಮೇಲೆ ಮೂಡಿಗೆರೆ ತಾಲ್ಲೂಕಿನ ಬೆಟ್ಟದಲ್ಲಿ. ಅಲ್ಲಿ ರಾತ್ರಿ ಮಳೆ ಹೊಡೆದ್ರೆ ಇಲ್ಲಿ ಬಿಸಿಲಿದ್ದಾಗಲೇ ಹೊಳೆ ಏರುತ್ತೆ. ಆಕಾಶ ನೋಡಿ ನೀರಿಗಿಳಿಯೋ ಹಾಗಿಲ್ಲ. ಕೆಳಗಡೆ ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಹೋದ್ರೆ ಇನ್ನೊಂಥರ. ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಚರ್ಚನ್ನೇ ಅರ್ಧ ಮುಳುಗಿಸೋ ನೀರು ಬೇಸಿಗೇಲಿ ಹಿಂದೆ ಸರಿದಾಗ, ಮೇಲೆ ಒಣಗಿದ ಹಾಗೆ ಕಾಣೋ ನೆಲದಡಿ ಹೂಳಿರುತ್ತೆ. ಎಲ್ಲಿ ಕಾಲಿಡಬಹುದು, ಎಲ್ಲಿ ಗುಂಡಿ ಇದೆ ಅನ್ನೋದು ಬೋರ್ಡಲ್ಲಿ ಬರೆದಿರಲ್ಲ. ಕೇಳಬೇಕು.

5/6
ಈಗ ಬಾಟ್ಲಿ ವಿಷಯಕ್ಕೆ ಬರೋಣ. ನಮ್ಮ ಹಳ್ಳಿಗಳಲ್ಲಿ ಪಬ್ ಇಲ್ಲ. ವೈನ್ ಶಾಪು, ಎಂಎಸ್‌ಐಎಲ್ ಅಂಗಡಿ ಇದ್ರೂ ಅಲ್ಲಿ ಪಾರ್ಸಲ್ ಅಷ್ಟೇ, ಕೂತು ಕುಡಿಯೋಕೆ ಬಾರ್ ಲೈಸೆನ್ಸೇ ಬೇಕು. ಹಂಗಾಗಿ ಬಾಟ್ಲಿ ಕಾರಲ್ಲಿ ಕೂತು ಹೊಳೆಗೆ ಬರುತ್ತೆ, ಖಾಲಿ ಆದ ಮೇಲೆ ಬಂಡೆಗೆ ಬೀಳುತ್ತೆ. ಸೋಮವಾರ ಬೆಳಿಗ್ಗೆ ಅದೇ ದಂಡೇಲಿ ದನ ನೀರಿಗಿಳಿತಾವೆ, ಬಟ್ಟೆ ಒಗೆಯೋರು ಬರಿಗಾಲಲ್ಲಿ ನಿಲ್ತಾರೆ. ಗಾಜಿಗೆ ಭಾನುವಾರ ಯಾವುದು, ಸೋಮವಾರ ಯಾವುದು ಗೊತ್ತಾಗಲ್ಲ.

"ಊರಿನವರೇ ಕುಡಿದು ಎಸೀತಾರಲ್ಲ" ಅಂತೀರಾ? ಹೌದು, ಎಸೀತಾರೆ. ಆದ್ರೆ ಅವರಿಗೆ ಬೈಯೋಕೆ ಊರಲ್ಲಿ ಅವ್ವ ಇದಾಳೆ, ದೊಡ್ಡಪ್ಪ ಇದಾರೆ. ಹೊರಗಿನಿಂದ ಬಂದವರನ್ನ ಕೇಳೋರು ಯಾರು? ಹೋಟೆಲಿನ ಅರ್ಧ ಗಂಟೆ ಮುಖ್ಯ ಆಗೋದು ಇಲ್ಲೇ. "ಯಾವೂರು ಮಗ? ಏನು ಓದ್ತಿದೀಯ?" ಅನ್ನೋದಕ್ಕೆ ಉತ್ತರ ಕೊಟ್ಟು, ಅವರ ಕೈಯ ಅಕ್ಕಿ ರೊಟ್ಟಿ ತಿಂದು ಹೋದವರಿಗೆ ಅವರ ಹೊಳೇಲಿ ಬಾಟ್ಲಿ ಒಡೆಯೋಕೆ ಕೈ ಬರಲ್ಲ. ಗುರುತು ಸಿಕ್ಕವರು ಸ್ವಲ್ಪ ನೆಟ್ಟಗಿರ್ತಾರೆ. ದಂಡ, ಬೋರ್ಡು, ಸಿಸಿ ಕ್ಯಾಮೆರಾ ಎಲ್ಲಕ್ಕಿಂತ ನನಗೆ ಇದರ ಮೇಲೆ ನಂಬಿಕೆ.

6/6
ಹುಡುಗೀರು ಒಂದು ಮಾತು ಕೇಳೇ ಕೇಳ್ತೀರಿ: "ಅಲ್ಲಿ ಬರೀ ಗಂಡಸರೇ ಕೂತಿರ್ತಾರೆ, ಗುರಾಯಿಸ್ತಾರೆ." ನಿಜ, ಕೆಲವು ಕಡೆ ಹಂಗೇ ಇದೆ. ಅದನ್ನ ನುಂಗಿಕೊಂಡು ಕೂತ್ಕೊಳ್ಳಿ ಅಂತ ನಾನು ಹೇಳಲ್ಲ. ಗಂಡ ಹೆಂಡತಿ ಸೇರಿ ನಡೆಸೋ ಹೋಟೆಲ್ ಎಷ್ಟೋ ಇವೆ, ಒಲೆ ಮುಂದೆ ಅಕ್ಕ ಇದ್ದಾರಾ ನೋಡಿ ಅಲ್ಲಿಗೇ ಹೋಗಿ. ಜೊತೇಲಿ ಬಂದಿರೋ ಹುಡುಗರು ಫೋನ್ ಕೆಳಗಿಟ್ಟು ಪಕ್ಕದಲ್ಲಿ ಕೂತ್ಕೊಳ್ಳಿ. ನಾವು ಕೂರ್ತಾ ಹೋದ್ರೆ ತಾನೇ ಆ ಬೆಂಚು ಎಲ್ಲರದ್ದೂ ಆಗೋದು?

ಸೇವ್ ಮಾಡ್ಕೊಳ್ಳಿ: ಹಗಲಲ್ಲೇ ಹೋಗಿ, ಕತ್ತಲಾಗೋ ಮುಂಚೆ ವಾಪಸ್. ದಾರಿ, ಆನೆ, ನೀರು, ಮೂರನ್ನೂ ಕೇಳಿ. ಚಿಲ್ಲರೆ ಇಟ್ಕೊಳ್ಳಿ, ನೆಟ್‌ವರ್ಕ್ ಕೈ ಕೊಟ್ರೆ ಯುಪಿಐ ಆಗಲ್ಲ. ತಂದ ಕಸ ಬ್ಯಾಗಲ್ಲೇ ವಾಪಸ್ ಬರಲಿ.

ನಿಮ್ಮೂರ ಹೊಳೆ ಹತ್ತಿರದ ಹೋಟೆಲಲ್ಲಿ ಏನು ಚೆನ್ನಾಗಿರುತ್ತೆ? ಕಾಮೆಂಟಲ್ಲಿ ಹಾಕಿ. ಲೊಕೇಶನ್ ಬೇಡ, ಊರಿನ ಹೆಸರು ಸಾಕು. ಮಿಕ್ಕಿದ್ದನ್ನ ಬಂದವರು ಅಲ್ಲೇ ಕೇಳ್ಕೊಂಡು ಹೋಗ್ಲಿ.

#ಮಗ್ಗೆ #ಆಲೂರು #ಸಕಲೇಶಪುರ #ಹೇಮಾವತಿ #ಬೈಟುಕಾಫಿ