ಫೋಟೋ ಕಳಿಸ್ಬೇಡಿ, ಟೈಪ್ ಮಾಡಿ (ಭಾಗ 5)

ನಮ್ಮ ಕಡೆ ಸಂಜೆ ಆದ್ರೆ ವಾಟ್ಸಾಪಿಗೆ ಅಡಿಕೆ ರೇಟ್ ಬರ್ತದೆ. ಹೊಸದಕ್ಕೆ ಎಷ್ಟು, ಹಳತಿಗೆ ಎಷ್ಟು, ಎಲ್ಲ ಒಂದೇ ಫೋಟೋದಲ್ಲಿ. ದೊಡ್ಡಪ್ಪನಿಗೆ ಗ್ಲಾಕೋಮಾದಿಂದ ಕಣ್ಣು ಹೋಗಿ ಮೂರು ವರ್ಷ ಆಯ್ತು. ಅವರ ಫೋನಲ್ಲಿ ಟಾಕ್‌ಬ್ಯಾಕ್ ಉಂಟು, ಬಂದ ಮೆಸೇಜ್ ಎಲ್ಲ ಓದಿ ಹೇಳ್ತದೆ. ರೇಟಿನ ಹತ್ರ ಬಂದಾಗ ಮಾತ್ರ "ಫೋಟೋ" ಅಂತ ಹೇಳಿ ಸುಮ್ಮನಾಗ್ತದೆ. ನಲ್ವತ್ತು ವರ್ಷ ಅಡಿಕೆ ಮಾರಿದವರು ಇವತ್ತಿನ ರೇಟ್ ತಿಳ್ಕೊಳ್ಳಿಕ್ಕೆ ನಾನು ಕಾಲೇಜಿಂದ ಬರುವವರೆಗೆ ಕಾಯ್ಬೇಕು. "ಎಷ್ಟುಂಟು ನೋಡು ಮಗಾ" ಅಂತ ಕೇಳುವಾಗ ಅವರ ಸ್ವರ ಸಣ್ಣ ಆಗ್ತದೆ. ಅದು ನನಗೆ ಆಗೋದಿಲ್ಲ.

ಟಾಕ್‌ಬ್ಯಾಕ್ ಅಂದ್ರೆ ಎಂತ? ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿ ಅಂತ ಉಂಟಲ್ಲ, ನಾವ್ಯಾರೂ ತೆರೆದು ನೋಡದ ಜಾಗ, ಅದರೊಳಗೆ ಇರ್ತದೆ. ಐಫೋನಲ್ಲಿ ಇದೇ ಕೆಲಸಕ್ಕೆ ವಾಯ್ಸ್‌ಓವರ್. ಆನ್ ಮಾಡಿದ್ರೆ ಬೆರಳು ಮುಟ್ಟಿದಲ್ಲಿ ಏನುಂಟು ಅಂತ ಓದ್ತದೆ, ಎರಡು ಸಲ ತಟ್ಟಿದ್ರೆ ತೆರೀತದೆ, ಟಾಕ್‌ಬ್ಯಾಕಲ್ಲಿ ಸ್ಕ್ರೋಲ್ ಮಾಡ್ಲಿಕ್ಕೆ ಎರಡು ಬೆರಳು. ಇದು ಗೊತ್ತಿಲ್ಲದೆ ಆನ್ ಮಾಡಿ, "ಫೋನ್ ಹಾಳಾಯ್ತು" ಅಂತ ಮೊಬೈಲ್ ಅಂಗಡಿಗೆ ಓಡಿದವರು ನಮ್ಮ ಕ್ಲಾಸಲ್ಲೇ ಇದ್ದಾರೆ, ಹೆಸರು ಹೇಳುದಿಲ್ಲ 😄

ಇದೇನು ಹೊಸತಲ್ಲ ಮಾರ್ರೆ. ಆಂಡ್ರಾಯ್ಡಿಗೆ 2009ರಲ್ಲೇ ಬಂದಿದೆ. ಆ ಕೆಲಸ ಮಾಡಿದವರಲ್ಲಿ ಟಿ. ವಿ. ರಾಮನ್ ಒಬ್ಬರು: ಪುಣೆಯಲ್ಲಿ ಹುಟ್ಟಿದವರು, 14ನೇ ವಯಸ್ಸಿಗೆ ಗ್ಲಾಕೋಮಾದಿಂದಲೇ ದೃಷ್ಟಿ ಹೋದವರು, ಆಮೇಲೆ ಗೂಗಲ್ ಸೇರಿದವರು. ಕನ್ನಡದಲ್ಲಿ ಓದುವ ಧ್ವನಿಯೂ ಈಗ ಫೋನಲ್ಲಿ ಸಿಗ್ತದೆ.

ಇದರಿಂದ ಏನಾಯ್ತು? ಮೊದ್ಲು ದೊಡ್ಡಪ್ಪನ ಬ್ಯಾಂಕ್ ಮೆಸೇಜ್, ಒಟಿಪಿ ಎಲ್ಲ ಬೇರೆಯವರು ಓದ್ಬೇಕಿತ್ತು. ಖಾತೆಯಲ್ಲಿ ಎಷ್ಟುಂಟು ಅಂತ ಮನೆಯವರಿಗೆಲ್ಲ ಗೊತ್ತು. ಈಗ ಇಯರ್‌ಫೋನ್ ಹಾಕಿ ಅವರೇ ಕೇಳ್ತಾರೆ. ನೋಟು ಗುರುತಿಸ್ಲಿಕ್ಕೆ ರಿಸರ್ವ್ ಬ್ಯಾಂಕಿನ 'ಮನಿ' ಆಪ್ ಉಂಟು, 2020ರ ಜನವರಿ 1ಕ್ಕೆ ಬಂದದ್ದು. ಕ್ಯಾಮೆರಾ ಎದುರು ನೋಟು ಹಿಡಿದ್ರೆ ಎಷ್ಟರದ್ದು ಅಂತ ಹೇಳ್ತದೆ, ಇಂಟರ್ನೆಟ್ಟೂ ಬೇಡ.

ಅಂದ್ರೆ ಫೋನ್ ತನ್ನ ಪಾಲಿನ ಕೆಲಸ ಮಾಡಿದೆ. ಬಾಕಿ ಇರೋದು ನಮ್ಮದು. ನಾವು ಮಾಡುವ ಮೂರು ತಪ್ಪು ಹೇಳ್ತೇನೆ.

ಒಂದು: ಎಲ್ಲದಕ್ಕೂ ಫೋಟೋ. ಅಕೌಂಟ್ಸ್ ನೋಟ್ಸ್, ಪರೀಕ್ಷೆ ಟೈಮ್ ಟೇಬಲ್, ಮದುವೆ ಕಾಗದ, ಅಡಿಕೆ ರೇಟ್. ಒಂದು ಬ್ಯಾಲೆನ್ಸ್ ಶೀಟನ್ನು ಎಕ್ಸೆಲ್‌ನಲ್ಲಿ ಕಳಿಸಿದ್ರೆ ಟಾಕ್‌ಬ್ಯಾಕ್ ಒಂದೊಂದೇ ಮನೆಯಾಗಿ ಓದ್ತದೆ. ಫೋಟೋ ಕಳಿಸಿದ್ರೆ ಅಸೆಟ್ಸೂ ಇಲ್ಲ, ಲಯಬಿಲಿಟೀಸೂ ಇಲ್ಲ.

ಎರಡು: ಹಳೇ ನುಡಿ, ಬರಹ ಫಾಂಟಿನ ಫೈಲು. ನೋಡ್ಲಿಕ್ಕೆ ಚಂದ ಕನ್ನಡ, ಆದ್ರೆ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡು. ಓದಿಸಿದ್ರೆ ಅರ್ಥವೇ ಇಲ್ಲದ ಇಂಗ್ಲಿಷ್ ಅಕ್ಷರದ ರಾಶಿ ಬೀಳ್ತದೆ. ಯೂನಿಕೋಡಿಗೆ ಬದಲಿಸುವ ಕನ್ವರ್ಟರ್ ಪುಕ್ಕಟೆ ಸಿಗ್ತದೆ, ಎರಡು ನಿಮಿಷದ ಕೆಲಸ.

ಮೂರು: ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ತುಳು. ಅದನ್ನು ಧ್ವನಿ ಇಂಗ್ಲಿಷ್ ಶಬ್ದ ಅಂತ ತಿಳ್ಕೊಂಡು ಓದಿ ಹಾಳು ಮಾಡ್ತದೆ. ಅದೇ "ಎಂಚ ಉಲ್ಲರ್" ಅಂತ ಕನ್ನಡ ಲಿಪಿಯಲ್ಲಿ ಹಾಕಿ, ಕನ್ನಡ ಧ್ವನಿ ತುಳುವನ್ನೂ ಸುಮಾರು ಸರಿಯಾಗಿ ಓದ್ತದೆ. ಸುಳ್ಯದವರ ಅರೆಭಾಷೆಗೂ ಇದೇ ಮಾತು.

"ಈಗ ಎಐ ಫೋಟೋ ನೋಡಿ ಹೇಳ್ತದಲ್ಲ" ಅಂತ ನೀವು ಕೇಳ್ಬಹುದು. ಹೇಳ್ತದೆ, ಹೊಸ ಫೋನುಗಳಲ್ಲಿ. ದೊಡ್ಡಪ್ಪನ ಹತ್ರ ಇರೋದು ಹಳೇ ಫೋನು. ಮತ್ತೆ ರೇಟಲ್ಲಿ ಒಂದು ಅಂಕಿ ತಪ್ಪು ಓದಿದ್ರೆ ನಷ್ಟ ಯಾರಿಗೆ? ಹತ್ತು ಸೆಕೆಂಡು ಟೈಪ್ ಮಾಡ್ಲಿಕ್ಕೆ ನಮಗೆ ಉದಾಸೀನ ಅಂತ ಅವರು ಇಪ್ಪತ್ತು ಸಾವಿರದ ಫೋನ್ ತೆಗೀಬೇಕಾ?

ಕಣ್ಣು ಮಿಟುಕಿಸಿದ್ರೆ ಮಾತ್ರ ಕೆವೈಸಿ ಆಗ್ತದೆ ಅನ್ನುವ ಪದ್ಧತಿ ವಿರುದ್ಧ ಆಸಿಡ್ ದಾಳಿಗೆ ಒಳಗಾದವರು, ದೃಷ್ಟಿ ಇಲ್ಲದ ವಕೀಲರೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ರು. ಡಿಜಿಟಲ್ ಸೌಲಭ್ಯ ಎಲ್ಲರಿಗೂ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್ 30ಕ್ಕೆ ತೀರ್ಪು ಬಂತು. ಬ್ಯಾಂಕಿಗೆ ಕೋರ್ಟ್ ಹೇಳಿತು. ನಮ್ಮ ಕ್ಲಾಸ್ ಗ್ರೂಪಿಗೆ ಯಾರು ಹೇಳ್ಬೇಕು?

"ಪಾಪ" ಅಂತ ಕಮೆಂಟ್ ಹಾಕ್ಬೇಡಿ, ದೊಡ್ಡಪ್ಪನಿಗೆ ಆ ಶಬ್ದ ಕಂಡ್ರೆ ಆಗೋದಿಲ್ಲ. ಪುತ್ತೂರು, ಸುಳ್ಯ, ಕಡಬ, ಯಾವ ಊರಿನ ಗ್ರೂಪಲ್ಲಿದ್ರೂ ನಾಳೆ ಒಂದು ಫೋಟೋ ಹಾಕುವಾಗ ಅದರಲ್ಲಿ ಏನು ಬರೆದದೆ ಅಂತ ಕೆಳಗೆ ಟೈಪ್ ಮಾಡಿ. ಇಲ್ಲಿ ಪೋಸ್ಟ್ ಹಾಕುವಾಗ ಆಲ್ಟ್ ಟೆಕ್ಸ್ಟ್ ಅಂತ ಒಂದು ಜಾಗ ಕೊಟ್ಟಿದ್ದಾರೆ, ಅದನ್ನು ತುಂಬಿಸಿ. ನಾನೂ ಮೊದಲ ನಾಲ್ಕು ಭಾಗಕ್ಕೆ ತುಂಬಿಸಿರ್ಲಿಲ್ಲ. ನಿನ್ನೆ ಕೂತು ತುಂಬಿಸಿದೆ.

ಇವತ್ತಿನ ಫೋಟೋ: ಜಗಲಿಯಲ್ಲಿ ಕೂತ ದೊಡ್ಡಪ್ಪನ ಕೈ ಮಾತ್ರ. ಎಡಗೈಯಲ್ಲಿ ಫೋನು, ಬಲಗೈ ತೋರುಬೆರಳು ಸ್ಕ್ರೀನ್ ಮೇಲೆ. ಹಿಂದೆ ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ಅಡಿಕೆ.