ಕಾಯುವ ಗಂಟೆಗೂ ಕೂಲಿ ಬೇಕು

ಆಸ್ಪತ್ರೆಯಲ್ಲಿ ರೋಗಿಯ ಪ್ರಾಣ ಉಳಿಸುವವರು ಯಾರು ಎಂದು ಕೇಳಿದರೆ ವೈದ್ಯರು, ದಾದಿಯರು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಈ ಕಾಲದ ಆಸ್ಪತ್ರೆ ವೈದ್ಯರ ಕೈಗುಣವೊಂದರಿಂದಲೇ ನಡೆಯುವುದಿಲ್ಲ. ದಿನ ತುಂಬುವ ಮುಂಚೆ ಹುಟ್ಟಿದ ಕೂಸನ್ನು ಬೆಚ್ಚಗಿಡುವ ವಾರ್ಮರ್, ಉಸಿರಾಡಲಾರದವನಿಗೆ ಉಸಿರು ಕೊಡುವ ವೆಂಟಿಲೇಟರ್, ಮೂತ್ರಪಿಂಡ ಕೆಟ್ಟವನ ರಕ್ತವನ್ನು ತೊಳೆಯುವ ಡಯಾಲಿಸಿಸ್ ಯಂತ್ರ, ಶಸ್ತ್ರಚಿಕಿತ್ಸೆಯ ಸಾಮಾನುಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್, ಇವು ನಿಂತರೆ ಆಸ್ಪತ್ರೆಯೇ ನಿಂತಂತೆ. ಡಯಾಲಿಸಿಸ್ ಕೊಠಡಿಗೆ ಶುದ್ಧ ನೀರು ಒದಗಿಸುವ ಆರ್‌ಓ ಘಟಕವೊಂದು ಕೆಟ್ಟರೆ ಸಾಕು, ಅಲ್ಲಿನ ಅಷ್ಟೂ ಯಂತ್ರಗಳು ಒಟ್ಟಿಗೇ ನಿಲ್ಲಬೇಕು. ಈ ಯಂತ್ರಗಳನ್ನು ನಡೆಸಿಕೊಂಡು ಹೋಗುವ ತಂತ್ರಜ್ಞರನ್ನು ಬಯೋಮೆಡಿಕಲ್ ಟೆಕ್ನಿಷಿಯನ್ ಎಂದು ಕರೆಯುತ್ತಾರೆ. ರೋಗಿಗೆ ಇವರ ಮುಖ ಪರಿಚಯವಿಲ್ಲ. ಸಂಬಳ ಕೊಡುವವರಿಗೆ ಇವರ ರಾತ್ರಿಗಳ ಪರಿಚಯವಿಲ್ಲ.

ಕಳೆದ ವಾರ ಈ ಕೆಲಸದಲ್ಲಿರುವ ಮೂವರು ಯುವಕರು ನಮ್ಮ ಕಚೇರಿಗೆ ಬಂದಿದ್ದರು. ಮೂವರೂ ಡಿಪ್ಲೊಮಾ ಓದಿದವರು, ಮೂವರೂ ಗುತ್ತಿಗೆಯ ನೌಕರರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವರ ಹಾಜರಿ. ಆಮೇಲಿನದು ‘ಆನ್‌ಕಾಲ್ ಡ್ಯೂಟಿ’. ಅಂದರೆ ಫೋನು ಸದಾ ಹತ್ತಿರವಿರಬೇಕು; ಅದು ಮೊಳಗಿದರೆ ಅರ್ಧ ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು; ಊರು ಬಿಟ್ಟು ಹೋಗಕೂಡದು. ಒಬ್ಬನು ತನ್ನ ತಂಗಿಯ ಮದುವೆಯಲ್ಲಿ ಧಾರೆಯ ಹೊತ್ತಿಗೇ ಎದ್ದು ಹೋಗಬೇಕಾಯಿತಂತೆ. ಈ ಹೊತ್ತಿಗೆ ಏನಾದರೂ ಭತ್ಯೆ ಕೊಡಿ ಎಂದು ಕೇಳಿದ್ದಕ್ಕೆ ಮೇಲಿನವರು ಕೊಟ್ಟ ಉತ್ತರ ಇಷ್ಟೇ: “ಫೋನು ಬರದ ದಿನ ಮನೆಯಲ್ಲಿ ಹಾಯಾಗಿ ಮಲಗಿರುತ್ತೀಯಲ್ಲಪ್ಪ, ಮಲಗಿದ್ದಕ್ಕೂ ದುಡ್ಡು ಕೊಡಬೇಕೆ?”

ಮೇಲುನೋಟಕ್ಕೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದ್ದರಿಂದಲೇ ಇದಕ್ಕೆ ಸರಿಯಾದ ಉತ್ತರ ಕೊಡುವುದು ಅವಶ್ಯ. ಕಾಯುವುದು ಕೆಲಸವೋ ಅಲ್ಲವೋ? ನಮ್ಮ ಇಂದಿನ ಪ್ರಶ್ನೆ ಇದೊಂದೇ.

ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬವನಿದ್ದ. ಕೆರೆಯ ತೂಬು, ಏರಿ, ಕಾಲುವೆ ಅವನ ವಶ. ಮಳೆಗಾಲದ ರಾತ್ರಿಗಳಲ್ಲಿ ಅವನು ಏರಿಯ ಮೇಲೆ ಕಣ್ಣಿಟ್ಟಿರಬೇಕು. ಸುಗ್ಗಿಯಲ್ಲಿ ಊರವರು ಅವನ ಪಾಲಿನ ಕಾಳನ್ನು ಅಳೆದು ಕೊಡುತ್ತಿದ್ದರು. ಈ ವರ್ಷ ಏರಿ ಒಡೆಯಲಿಲ್ಲ, ಆದ್ದರಿಂದ ನಿನಗೆ ಪಾಲಿಲ್ಲ ಎಂದು ಯಾವ ಊರೂ ಹೇಳಲಿಲ್ಲ. ಏರಿ ಒಡೆಯದೆ ಇದ್ದದ್ದೇ ಅವನ ಕೆಲಸವೆಂಬುದು ಅಕ್ಷರ ಬಾರದ ರೈತನಿಗೂ ತಿಳಿದಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಅನ್ಯಾಯಗಳಿದ್ದವು. ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಕಾಯುವವನ ಪಾಲನ್ನು ಹಳೆಯ ಊರು ಒಪ್ಪಿಕೊಂಡಿದ್ದಾಗ, ಇಂದಿನ ಆಸ್ಪತ್ರೆ ಅದನ್ನು ಅಲ್ಲಗಳೆಯುವುದು ಯಾವ ಪ್ರಗತಿ?

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೆಂದು ತಿಳಿಯಬೇಕಾಗಿಲ್ಲ. 1948ರ ಕನಿಷ್ಠ ವೇತನ ಕಾಯಿದೆಯ 13ನೆಯ ಪ್ರಕರಣದಲ್ಲಿ ‘ಸ್ವಭಾವತಃ ಬಿಡುವು ಬಿಡುವಾಗಿ ನಡೆಯುವ’ ಕೆಲಸದ ಮಾತು ಬರುತ್ತದೆ. ನೌಕರನು ಕರ್ತವ್ಯದಲ್ಲಿದ್ದರೂ ದೈಹಿಕ ಶ್ರಮವನ್ನಾಗಲಿ ಎಡೆಬಿಡದ ಗಮನವನ್ನಾಗಲಿ ತೋರಬೇಕಾಗದ ನಿಷ್ಕ್ರಿಯ ಅವಧಿಗಳು ಇಂಥ ಕೆಲಸದಲ್ಲಿ ಇರುತ್ತವೆ ಎಂಬುದು ಅದರ ವಿವರಣೆಯ ಸಾರ. 2019ರ ವೇತನ ಸಂಹಿತೆಯ 13ನೆಯ ಪ್ರಕರಣದಲ್ಲಿಯೂ ಇದೇ ವಿವರಣೆ ಮುಂದುವರಿದಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಾಚಕರು ಗಮನಿಸಬೇಕು: ಸುಮ್ಮನೆ ಕುಳಿತ ಹೊತ್ತೂ ‘ಕರ್ತವ್ಯ’ವಾಗಿರಬಹುದೆಂದು ಹೇಳುತ್ತಿರುವವರು ಕಾರ್ಮಿಕ ಸಂಘದ ಭಾಷಣಕಾರರಲ್ಲ, ಸ್ವತಃ ಶಾಸನ. ಆದರೆ ಶಾಸನ ಈ ಮಾತನ್ನು ಎತ್ತಿದ್ದು ಕಾಯುವವನಿಗೆ ಕೂಲಿ ಕೊಡಿಸುವುದಕ್ಕಲ್ಲ. ಸಾಮಾನ್ಯ ನೌಕರನಿಗಿರುವ ಗಂಟೆಗಳ ಮಿತಿಯನ್ನು ಇಂಥವನ ಮಟ್ಟಿಗೆ ಸಡಿಲಿಸುವುದಕ್ಕೆ. ದುಡಿಸಿಕೊಳ್ಳುವಾಗ ಕಾಯುವುದು ಕರ್ತವ್ಯ, ಕೊಡುವಾಗ ಅದು ವಿಶ್ರಾಂತಿ. ಈ ಎರಡು ನಾಲಗೆಯ ನ್ಯಾಯವೇ ನಮ್ಮ ಆಕ್ಷೇಪಣೆಗೆ ಗುರಿ.

ಹೊರದೇಶಗಳಲ್ಲಿಯೂ ಈ ವ್ಯಾಜ್ಯ ನಡೆದಿದೆ. ಅಮೆರಿಕದ ಟೆಕ್ಸಾಸ್ ಪ್ರಾಂತದ ಮಾಂಸದ ಕಾರ್ಖಾನೆಯೊಂದರಲ್ಲಿ ಏಳು ಮಂದಿ ನೌಕರರು ಹಗಲು ದುಡಿದು, ವಾರದಲ್ಲಿ ಮೂರೂವರೆಯಿಂದ ನಾಲ್ಕು ರಾತ್ರಿ ಬೆಂಕಿಯ ಕರೆಗಾಗಿ ಕಾರ್ಖಾನೆಯಲ್ಲಿಯೇ ತಂಗಬೇಕಾಗಿತ್ತು. ಅಲ್ಲಿ ಮಲಗಲು ಜಾಗವಿತ್ತು, ಆಟದ ಮೇಜಿತ್ತು, ರೇಡಿಯೋ ಇತ್ತು. ಕರೆ ಬಂದು ಹೋದರೆ ಮಾತ್ರ ತಲಾ 50 ಸೆಂಟು, ಮುಂದೆ 64 ಸೆಂಟು ಕೊಡುತ್ತಿದ್ದರು. ಕೆಳಗಿನ ನ್ಯಾಯಾಲಯಗಳು ಕಾದ ಹೊತ್ತು ಕೆಲಸವಲ್ಲವೆಂದವು. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ, ಕಾಯುವ ಕಾಲ ಕೆಲಸದ ಕಾಲವಾಗಲಾರದೆಂಬ ನಿಯಮ ಕಾನೂನಿನಲ್ಲಿ ಇಲ್ಲವೆಂದೂ, ಪ್ರತಿಯೊಂದು ಸಂದರ್ಭದ ಸಂಗತಿಗಳನ್ನು ನೋಡಿ ನಿರ್ಧರಿಸಬೇಕೆಂದೂ ಹೇಳಿತು.

ಮನೆಯಲ್ಲಿಯೇ ಕಾಯುವವರ ಪ್ರಶ್ನೆ 2018ರಲ್ಲಿ ಯೂರೋಪಿನ ನ್ಯಾಯಾಲಯದ ಮುಂದೆ ಬಂತು. ಬೆಲ್ಜಿಯಮ್ಮಿನ ನಿವೆಲ್ ಪಟ್ಟಣದ ಅಗ್ನಿಶಾಮಕನೊಬ್ಬ ಕರೆ ಬಂದ ಎಂಟು ನಿಮಿಷದೊಳಗೆ ಠಾಣೆಗೆ ತಲುಪಬೇಕಾಗಿತ್ತು. ಇಷ್ಟು ಬಿಗಿಯಾದ ಕಟ್ಟಳೆಯಿರುವಾಗ ಮನೆಯಲ್ಲಿ ಕಾದದ್ದೂ ಕೆಲಸದ ಕಾಲವೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಅದಕ್ಕೆ ಎಷ್ಟು ವೇತನ ಎಂಬುದನ್ನು ಮಾತ್ರ ಆಯಾ ದೇಶದ ಕಾನೂನಿಗೆ ಬಿಟ್ಟಿತು. ಈ ತೀರ್ಪುಗಳು ನಮ್ಮ ದೇಶವನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಅವು ಹಿಡಿದ ಒರೆಗಲ್ಲು ಎಲ್ಲೆಡೆಗೂ ಸಲ್ಲುತ್ತದೆ. ಆ ಹೊತ್ತು ಮನುಷ್ಯನು ತನ್ನ ಇಚ್ಛೆಯಂತೆ ಇರಬಹುದೇ, ಇಲ್ಲವೇ ಇನ್ನೊಬ್ಬರ ವಶದಲ್ಲಿರಬೇಕೇ? ವಶದಲ್ಲಿದ್ದರೆ ಆ ಹೊತ್ತು ಅವನದಲ್ಲ. ತನ್ನದಲ್ಲದ ಹೊತ್ತನ್ನು ಅವನು ಧರ್ಮಾರ್ಥವಾಗಿ ಏಕೆ ಕೊಡಬೇಕು?

ಇನ್ನು ನಮ್ಮ ದೇಶದ ಏರ್ಪಾಡು ಹೇಗಿದೆ ನೋಡೋಣ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ವೈದ್ಯಕೀಯ ಉಪಕರಣಗಳ ನಿರ್ವಹಣೆಗಾಗಿ 2015ರಲ್ಲಿ ಒಂದು ಕಾರ್ಯಕ್ರಮ ಹೊರಟಿತು. ಅದಕ್ಕೆಂದು ಲೆಕ್ಕ ಹಾಕಿದಾಗ 29,115 ಆರೋಗ್ಯ ಕೇಂದ್ರಗಳಲ್ಲಿ 7,56,750 ಉಪಕರಣಗಳು ಸಿಕ್ಕವು. ಅವುಗಳ ಬೆಲೆ ಸುಮಾರು 4,564 ಕೋಟಿ ರೂಪಾಯಿ. ಬೇರೆ ಬೇರೆ ರಾಜ್ಯಗಳಲ್ಲಿ ಶೇಕಡಾ 13ರಿಂದ 34ರಷ್ಟು ಉಪಕರಣಗಳು ಕೆಟ್ಟು ಕುಳಿತಿದ್ದವು. ಜನರ ತೆರಿಗೆಯಿಂದ ಕೊಂಡ ಯಂತ್ರಗಳಿಗೆ ಒದಗಿದ ಗತಿ ಇದು. ದುರಸ್ತಿಯ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ಒಪ್ಪಿಸುವುದಕ್ಕೆ ರಾಜ್ಯಗಳಿಗೆ ಹಣ ಸಿಕ್ಕಿತು. ಜಿಲ್ಲಾ ಆಸ್ಪತ್ರೆಯ ಯಂತ್ರಗಳು ಶೇಕಡಾ 95, ಸಮುದಾಯ ಆರೋಗ್ಯ ಕೇಂದ್ರದವು ಶೇಕಡಾ 90, ಪ್ರಾಥಮಿಕ ಆರೋಗ್ಯ ಕೇಂದ್ರದವು ಶೇಕಡಾ 80ರಷ್ಟು ಕಾಲ ನಡೆಯುತ್ತಿರಬೇಕೆಂಬ ಗುರಿಯನ್ನೂ ಇಟ್ಟರು. ಗುರಿ ಒಳ್ಳೆಯದೇ, ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಯಂತ್ರ ನೂರರಲ್ಲಿ ಐದು ಪಾಲು ಹೊತ್ತು ನಿಂತರೂ ಕ್ಷಮೆಯುಂಟು. ಅದನ್ನು ನಡೆಸುವ ಮನುಷ್ಯನು ನೂರಕ್ಕೆ ನೂರೂ ಸಿದ್ಧನಿರಬೇಕು! ಗುತ್ತಿಗೆಯ ಕರಾರಿನಲ್ಲಿ ಯಂತ್ರಕ್ಕೆ ಸಿಕ್ಕ ಕಾಳಜಿ ಅದರ ಬೆನ್ನು ಕಾಯುವ ತಂತ್ರಜ್ಞನಿಗೂ ಸಿಕ್ಕಬೇಡವೇ?

ಹಣದ ಲೆಕ್ಕವನ್ನೂ ಮಾಡಿಬಿಡೋಣ. ತಂತ್ರಜ್ಞನಿಗೆ ತಿಂಗಳಿಗೆ 20,800 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ 26 ದಿನಕ್ಕೆ 208 ಗಂಟೆ; ಗಂಟೆಗೆ 100 ರೂಪಾಯಿ ಬಿತ್ತು. ಮೂವತ್ತು ದಿನದ ತಿಂಗಳಲ್ಲಿ ಇರುವುದು 720 ಗಂಟೆ. ಅವನೊಬ್ಬನೇ ಇದ್ದು ತಿಂಗಳಿಡೀ ಕರೆಗೆ ಕಾಯಬೇಕಾದರೆ ಉಳಿದ 512 ಗಂಟೆಯೂ ಬಿಟ್ಟಿ. ಗಂಟೆಯ ಕೂಲಿಯ ಕಾಲುಭಾಗವನ್ನು ಕಟ್ಟಿದರೂ ಇದು 12,800 ರೂಪಾಯಿಯ ಬಿಟ್ಟಿ ದುಡಿಮೆ. ನಾಲ್ವರಿದ್ದು ವಾರಕ್ಕೊಬ್ಬರಂತೆ ಪಾಳಿ ಹಾಕಿಕೊಂಡರೆ, ಪಾಳಿಯ ವಾರದ 168 ಗಂಟೆಯಲ್ಲಿ ಕೆಲಸದ 48 ಕಳೆದು 120 ಗಂಟೆ ಉಳಿಯುತ್ತದೆ. ಕಾಲುಭಾಗದ ದರದಲ್ಲಿ ಅದಕ್ಕೆ 3,000 ರೂಪಾಯಿ. ಲಕ್ಷಗಟ್ಟಲೆ ರೂಪಾಯಿಯ ವೆಂಟಿಲೇಟರ್ ಕೊಳ್ಳುವ ಸರಕಾರಕ್ಕೆ, ರೋಗಿಯ ಕೈಯಿಂದ ದಿನದ ಬಾಡಿಗೆ ಎಣಿಸಿಕೊಳ್ಳುವ ಖಾಸಗಿ ಆಸ್ಪತ್ರೆಗೆ, ಇದು ಹೊರಲಾರದ ಹೊರೆಯೇ?

ವೈದ್ಯರೂ ರಾತ್ರಿ ಎದ್ದು ಬರುತ್ತಾರೆ, ಆಸ್ಪತ್ರೆಯೆಂದರೆ ಸೇವೆ, ಅಲ್ಲಿ ಗಂಟೆ ಎಣಿಸಬಾರದು ಎಂದು ಕೆಲವು ಮಹನೀಯರು ಉಪದೇಶಿಸುತ್ತಾರೆ. ವೈದ್ಯರನ್ನು ಬಿಡುವಿಲ್ಲದೆ ದುಡಿಸುವುದೂ ಅನ್ಯಾಯವೇ. ಒಂದು ಅನ್ಯಾಯ ಇನ್ನೊಂದಕ್ಕೆ ಸಮರ್ಥನೆಯಾಗದು. ಸೇವೆಯ ಮಾತು ಗುತ್ತಿಗೆದಾರನ ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ತ್ಯಾಗವೆಂಬುದು ಸಂಬಳದ ಏಣಿಯ ಕೆಳಮೆಟ್ಟಿಲಿನವನಿಂದಲೇ ಆರಂಭವಾಗಿ ಅಲ್ಲಿಯೇ ಮುಗಿಯುವುದನ್ನು ನಾವು ಬಹುಕಾಲದಿಂದ ನೋಡುತ್ತಿದ್ದೇವೆ. ಅಲ್ಲದೆ ಇದು ರೋಗಿಯ ಕ್ಷೇಮದ ಪ್ರಶ್ನೆಯೂ ಹೌದು. ದುರಸ್ತಿಯಾದ ಡಿಫಿಬ್ರಿಲೇಟರ್ ಸರಿಯಾದ ಪ್ರಮಾಣದ ವಿದ್ಯುತ್ತನ್ನು ಕೊಡುತ್ತದೆಯೇ, ಔಷಧಿ ಹರಿಸುವ ಪಂಪು ಗಂಟೆಗೆ ಇಷ್ಟೇ ಎಂದು ಹರಿಸುತ್ತದೆಯೇ ಎಂಬುದನ್ನು ಅಳೆದು ನೋಡಿದ ಮೇಲೆಯೇ ಅದನ್ನು ರೋಗಿಗೆ ಜೋಡಿಸಬೇಕು. ರಾತ್ರಿ ಎರಡಕ್ಕೆ ಎದ್ದು ಬಂದು, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಹಾಜರಿ ಹಾಕಿದವನ ಕಣ್ಣು ಈ ಅಳತೆಯಲ್ಲಿ ತಪ್ಪಿದರೆ ಬೆಲೆ ತೆರುವವನು ಹಾಸಿಗೆಯಲ್ಲಿ ಮಲಗಿದ ಬಡವ.

ಆದುದರಿಂದ ನಾವು ಒತ್ತಾಯಿಸುವುದು ಇಷ್ಟು. ಕರೆಗೆ ಕಾಯುವ ಪಾಳಿಯನ್ನು ಮುಂಗಡವಾಗಿ ಬರೆದು ಗೋಡೆಗೆ ಹಾಕಬೇಕು. ಪಾಳಿಯಿಲ್ಲದವನ ಫೋನು ಅವನ ಸ್ವಂತದ್ದು. ಮನೆಯಲ್ಲಿ ಕಾದ ಪ್ರತಿ ಗಂಟೆಗೂ ಕೂಲಿಯ ಕಾಲುಭಾಗವಾದರೂ ಸಿಕ್ಕಬೇಕು. ಆಸ್ಪತ್ರೆಯ ಆವರಣದಲ್ಲಿಯೇ ಇರಬೇಕೆಂದರೆ ಪೂರ್ತಿ ಕೂಲಿ. ಕರೆ ಬಂದರೆ ಮನೆ ಬಿಟ್ಟ ನಿಮಿಷದಿಂದ ಮನೆ ಸೇರುವವರೆಗೆ ಇಮ್ಮಡಿ ದರ, ಅದೂ ಮೂರು ಗಂಟೆಗೆ ಕಡಿಮೆಯಿಲ್ಲದಂತೆ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನವೆಂಬುದು ವೇತನ ಸಂಹಿತೆಯಲ್ಲಿಯೇ ಇರುವಾಗ ಇದು ಹೊಸ ಬೇಡಿಕೆಯೇನೂ ಅಲ್ಲ. ಫೋನಿನಲ್ಲಿಯೇ ದೋಷ ಹುಡುಕಿ ಸರಿಪಡಿಸಿದರೂ ಅದು ಕೆಲಸವೇ, ಅದಕ್ಕೂ ಲೆಕ್ಕವಿರಲಿ. ಪೆಟ್ರೋಲಿನ ಖರ್ಚು, ದಾರಿಯ ಅಪಘಾತಕ್ಕೆ ವಿಮೆ ಒದಗಲಿ. ರಾತ್ರಿ ದುಡಿದವನಿಗೆ ಮರುದಿನ ಸಂಬಳ ಕಡಿಯದೆ ವಿಶ್ರಾಂತಿ ಸಿಕ್ಕಲಿ. ಒಬ್ಬನ ಹೆಗಲಿಗೇ ತಿಂಗಳಿಡೀ ಪಾಳಿ ಬೀಳಬಾರದು. ಸಣ್ಣ ಆಸ್ಪತ್ರೆಗಳಿಗೆ ನಾಲ್ವರನ್ನು ಇಡುವುದು ಕಷ್ಟವಾದರೆ, ತಾಲ್ಲೂಕಿನ ಎಲ್ಲ ಆಸ್ಪತ್ರೆಗಳಿಗೂ ಸೇರಿ ಒಂದು ತಂಡವಿರಲಿ. ಈ ಷರತ್ತುಗಳು ಟೆಂಡರಿನ ಪತ್ರದಲ್ಲಿಯೇ ಬರಲಿ. ನೌಕರ ಗುತ್ತಿಗೆದಾರನವನು, ನಮಗೆ ಸಂಬಂಧವಿಲ್ಲ ಎಂದು ಸರಕಾರ ಕೈ ತೊಳೆದುಕೊಳ್ಳುವಂತಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ಹೊಣೆ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಿಂದಲೂ ಇದೆ. ಸಾಮಾನ್ಯ ಕೆಲಸದ ದಿನಕ್ಕೆ ಎಷ್ಟು ಗಂಟೆ ಎಂದು ಗೊತ್ತುಪಡಿಸುವ ಅಧಿಕಾರ ವೇತನ ಸಂಹಿತೆಯ ಪ್ರಕಾರ ರಾಜ್ಯ ಸರಕಾರಕ್ಕೂ ಉಂಟು. ಕೊರತೆಯಿರುವುದು ಅಧಿಕಾರದ್ದಲ್ಲ, ಮನಸ್ಸಿನದು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಅವರ ದೂರುಗಳಲ್ಲಿ ಕೊಳಗದ ದೂರೂ ಒಂದಾಗಿತ್ತು. ಗೇಣಿ ಅಳೆದುಕೊಳ್ಳುವ ಒಡೆಯನ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದು ಅವರ ಆಕ್ಷೇಪ. ಇಂದು ಆಸ್ಪತ್ರೆಯ ತಂತ್ರಜ್ಞನ ದೂರೂ ಅದೇ ಜಾತಿಯದು. ಹೊತ್ತನ್ನು ತೆಗೆದುಕೊಳ್ಳುವಾಗ ಇಪ್ಪತ್ತನಾಲ್ಕು ಗಂಟೆಯ ಕೊಳಗ, ಕೂಲಿ ಕೊಡುವಾಗ ಎಂಟು ಗಂಟೆಯ ಕೊಳಗ. ಅಳತೆ ಒಂದೇ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ನಮ್ಮ ಬಳಿಗೆ ಬಂದ ಯುವಕರಿಗೂ ಒಂದು ಮಾತು. ಒಬ್ಬೊಬ್ಬರಾಗಿ ಬಾಗಿಲು ತಟ್ಟಿದರೆ, ಇಷ್ಟವಿಲ್ಲದಿದ್ದರೆ ಕೆಲಸ ಬಿಡು ಎಂಬ ಉತ್ತರವೇ ಬರುತ್ತದೆ. ಈವತ್ತಿನಿಂದಲೇ ಪ್ರತಿಯೊಬ್ಬರೂ ಒಂದು ನೋಟುಪುಸ್ತಕ ಇಡಿ. ಕಾದ ರಾತ್ರಿ, ಬಂದ ಕರೆ, ಹೋದ ಹೊತ್ತು, ಮರಳಿದ ಹೊತ್ತು, ಎಲ್ಲವನ್ನೂ ಬರೆಯಿರಿ. ಆ ಲೆಕ್ಕವನ್ನು ಹಿಡಿದು ಎಲ್ಲ ಆಸ್ಪತ್ರೆಗಳವರೂ ಒಟ್ಟುಗೂಡಿ, ದಾದಿಯರನ್ನೂ ಲ್ಯಾಬಿನವರನ್ನೂ ಆಂಬುಲೆನ್ಸ್ ಚಾಲಕರನ್ನೂ ಜೊತೆಗೆ ಕರೆದುಕೊಳ್ಳಿ; ಕಾಯುವವರು ನೀವು ಮೂವರೇ ಅಲ್ಲ. ನಡುರಾತ್ರಿ ವಾರ್ಮರಿನ ಕೆಳಗೆ ಮಲಗಿದ ಕೂಸಿಗಾಗಿ ಎದ್ದು ಓಡುವವರು ನೀವು. ಆ ಕೂಸಿನ ತಂದೆತಾಯಿಗಳು ಈ ಜಿಲ್ಲೆಯ ರೈತರು, ಕೂಲಿಕಾರರು. ನಿಮ್ಮ ಪ್ರಶ್ನೆಯನ್ನು ಅವರ ಮುಂದಿಡುವ ಕೆಲಸವನ್ನು ಈ ಪತ್ರಿಕೆ ಮಾಡುತ್ತದೆ.