‘ಹೈಫನ್ ವೈ’ ಅಂದರೇನು ಅಂತ ಯಾರೂ ಹೇಳಿರಲಿಲ್ಲ

ಸಿರುಗುಪ್ಪದಿಂದ ಫೋನ್ ಬಂದಾಗ ರಾತ್ರಿ ಒಂಬತ್ತು ದಾಟಿತ್ತು. “ಅಣ್ಣಾ, ಲ್ಯಾಪ್‌ಟಾಪ್ ಸುಟ್ಟೋಗೈತೇನೋ ಅನಸ್ತೈತಿ. ಬರೇ ಕರೀ ಪರದೆ, ಬಿಳೀ ಅಕ್ಷರ. ಮೌಸ್ ಇಲ್ಲ, ಏನೂ ಇಲ್ಲ.” ಬಿಎಸ್ಸಿ ಓದುವ ಹುಡುಗಿ. ಹಳೆಯ ಲ್ಯಾಪ್‌ಟಾಪೊಂದನ್ನು ಬಳ್ಳಾರಿಯಲ್ಲಿ ರಿಪೇರಿ ಮಾಡಿಸಿ, ಉಬುಂಟು ಹಾಕಿ ಅವಳಿಗೆ ಕೊಟ್ಟವರು ನಾವೇ. ಕೊಡುವಾಗ “ಇದು ಫ್ರೀ, ವೈರಸ್ ಕಾಟ ಇಲ್ಲ” ಅಂತ ದೊಡ್ಡದಾಗಿ ಹೇಳಿದ್ದೆವು. ಅದರಲ್ಲಿ ಏನು ಟೈಪ್ ಮಾಡಬಾರದು ಅಂತ ಮಾತ್ರ ಹೇಳಿರಲಿಲ್ಲ.

ಆಪ್ಟ್ ತಾನು ಮಾಡಿದ ಕೆಲಸವನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತದೆ. ಲಾಗ್ ಫೋಲ್ಡರಿನೊಳಗೆ ಆಪ್ಟ್, ಅದರೊಳಗೆ ಹಿಸ್ಟರಿ ಡಾಟ್ ಲಾಗ್. ಫೋನಿನಲ್ಲೇ ಒಂದೊಂದು ಅಕ್ಷರ ಹೇಳಿ ಅದನ್ನು ತೆರೆಸಿದೆವು. ಕೊನೆಯಲ್ಲಿ ಇದ್ದ ಆದೇಶ: ಆಪ್ಟ್ ರಿಮೂವ್ ಪೈಥಾನ್ 3 ಹೈಫನ್ ವೈ. ಅದರ ಕೆಳಗೆ ತೆಗೆದುಹಾಕಿದ ಪ್ಯಾಕೇಜುಗಳ ಹೆಸರು. ಅವಳು ಓದುತ್ತಾ ಹೋದಳು, ಪಟ್ಟಿ ಮುಗಿಯಲೇ ಇಲ್ಲ. ಪೈಥಾನ್ ಪಾಠದಲ್ಲಿ ಏನೋ ಎರರ್ ಬಂದಿತ್ತಂತೆ. ಯಾವುದೋ ವಿಡಿಯೊದಲ್ಲಿ ಪೈಥಾನ್ ತೆಗೆದು ಮತ್ತೆ ಹಾಕಿ ಅಂದಿದ್ದರಂತೆ. ಇವಳು ಹಾಗೇ ಮಾಡಿದ್ದಾಳೆ. ಆದರೆ ಉಬುಂಟುವಿನ ಡೆಸ್ಕ್‌ಟಾಪಿನ ಎಷ್ಟೋ ಭಾಗಗಳು ಪೈಥಾನ್ ಮೇಲೇ ನಿಂತಿವೆ. ಕಂಬ ಕಿತ್ತರೆ ಚಪ್ಪರ ಉಳಿಯುತ್ತದೆಯೇ?

ಆಪ್ಟ್ ಹೇಳದೆ ಕೇಳದೆ ಇದನ್ನೆಲ್ಲ ಮಾಡುವುದಿಲ್ಲ. ತೆಗೆಯುವ ಮೊದಲು ಪೂರ್ತಿ ಪಟ್ಟಿ ತೋರಿಸಿ “ಮುಂದುವರಿಯಲೇ?” ಅಂತ ಕೇಳುತ್ತದೆ. ಹೈಫನ್ ವೈ ಇದ್ದರೆ ಆ ಪ್ರಶ್ನೆಯೇ ಬರುವುದಿಲ್ಲ, ಎಲ್ಲದಕ್ಕೂ ಮೊದಲೇ ‘ಹೌದು’ ಅಂದಂತೆ. ತೀರಾ ಅತ್ಯವಶ್ಯಕ ಅಂತ ಗುರುತು ಹಾಕಿದ ಪ್ಯಾಕೇಜಿಗೆ ಕೈ ಹಾಕಿದರೆ ಹೈಫನ್ ವೈ ಇದ್ದರೂ ಆಪ್ಟ್ ನಿಂತುಬಿಡುತ್ತದೆ. ಡೆಸ್ಕ್‌ಟಾಪಿಗೆ ಆ ಗುರುತಿಲ್ಲ. ಪರದೆ ಇಲ್ಲದೆಯೂ ಕಂಪ್ಯೂಟರ್ ಬದುಕುತ್ತದೆ ಅನ್ನುವುದು ಅದರ ಲೆಕ್ಕ. ಸಿರುಗುಪ್ಪದ ಹುಡುಗಿಯ ಲೆಕ್ಕ ಬೇರೆ.

ಅವಳ ನೋಟ್ಸು, ಫೋಟೊ ಎಲ್ಲ ಇದ್ದಲ್ಲೇ ಇದ್ದವು. ರಿಮೂವ್ ಆಗಲಿ, ಪರ್ಜ್ ಆಗಲಿ ಮನೆ ಫೋಲ್ಡರನ್ನು ಮುಟ್ಟುವುದಿಲ್ಲ. ಮರುದಿನ ಅವಳ ಫೋನಿನ ಡೇಟಾದಲ್ಲೇ ಡೆಸ್ಕ್‌ಟಾಪನ್ನು ಮತ್ತೆ ಹಾಕಿಸಿದೆವು. ಎರಡು ದಿನದ ಡೇಟಾ ಖಾಲಿ. “ಆ ವೈ ಅಂದ್ರ ಏನು ಅಂತ ನಂಗೆ ಗೊತ್ತಿದ್ರ ಹಾಕ್ತಿದ್ನಾ ಅಣ್ಣಾ?” ಅಂತ ಕೇಳಿದಳು. ಅವತ್ತಿನಿಂದ ನಮ್ಮ ಬಳಗದಲ್ಲಿ ಇದೇ ಚರ್ಚೆ.

ಅವಳು ಅದನ್ನು ಎಲ್ಲಿ ಓದಿ ತಿಳಿಯಬೇಕಿತ್ತು? ಉತ್ತರ ಕಂಪ್ಯೂಟರಿನೊಳಗೇ ಇತ್ತು. ಮ್ಯಾನ್ ಆಪ್ಟ್‌ಗೆಟ್ ಅಂತ ಕೊಟ್ಟರೆ ಕೈಪಿಡಿ ಬರುತ್ತದೆ. ಇಂಗ್ಲಿಷಿನಲ್ಲಿ. ಯುನಿಕ್ಸ್ ಕೈಪಿಡಿಗಳ ಈ ಸಂಪ್ರದಾಯ 1971ರಷ್ಟು ಹಳೆಯದು. ಚಿಕ್ಕದಾಗಿ, ಬಿಗಿಯಾಗಿ, ಮೊದಲೇ ಗೊತ್ತಿರುವವರಿಗೆ ನೆನಪು ಮಾಡಿಕೊಡುವ ಹಾಗೆ ಬರೆಯುವುದು ಅದರ ರೀತಿ. ನಮ್ಮಲ್ಲೇ ಮೂವರು ಕೂತು ಓದಿದರೂ ಎರಡು ಪ್ಯಾರಾ ತಲೆಗೆ ಹತ್ತಲಿಲ್ಲ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಪ್ಟ್‌ನ ಮೂಲ ಕಡತಗಳಲ್ಲಿ ಅದರ ಸಂದೇಶಗಳ ಅನುವಾದಕ್ಕೇ ಒಂದು ಫೋಲ್ಡರ್ ಇದೆ. ನಾವು ನೋಡಿದಾಗ ಅದರಲ್ಲಿ ಮರಾಠಿ ಇತ್ತು, ನೇಪಾಳಿ ಇತ್ತು, ಭೂತಾನಿನ ಜೋಂಖಾ ಕೂಡ ಇತ್ತು. ಕನ್ನಡ ಇರಲಿಲ್ಲ. ಬಳ್ಳಾರಿಯ ಅರ್ಧ ಬಾಯಿಗೆ ಬರುವ ತೆಲುಗೂ ಇರಲಿಲ್ಲ. ಹಾಗಂತ ಕನ್ನಡದವರು ಕೈಕಟ್ಟಿ ಕೂತಿದ್ದರು ಅನ್ನಲಾಗದು. ಡೆಬಿಯನ್ ಅನುಸ್ಥಾಪನೆಯನ್ನು ಕನ್ನಡದಲ್ಲೇ ಮಾಡಬಹುದು. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ. ಓಂಶಿವಪ್ರಕಾಶ್ ಅವರ ‘ಲಿನಕ್ಸಾಯಣ’ ಓದಿ ಲಿನಕ್ಸ್ ಹಾಕಿಕೊಂಡವರು ನಮ್ಮಲ್ಲೇ ಇದ್ದಾರೆ. ಇಲ್ಲೇ ಪಕ್ಕದ ಹಂಪಿ ಕನ್ನಡ ವಿಶ್ವವಿದ್ಯಾಲಯ ತೇಜಸ್ವಿಯವರ ಒತ್ತಾಸೆಯಿಂದ ‘ಕುವೆಂಪು’ ತಂತ್ರಾಂಶ ತಂದಿತ್ತು. ಆದರೆ ಇವೆಲ್ಲ ಹೆಚ್ಚಾಗಿ ಅಕ್ಷರ ಮೂಡಿಸುವ, ಮೆನು ತಿರುಗಿಸುವ ಕೆಲಸ. ಆ ಅಕ್ಷರಗಳಲ್ಲಿ “ಇದನ್ನು ಒತ್ತಿದರೆ ಇದು ಆಗುತ್ತದೆ, ಹುಷಾರು” ಅಂತ ಬರೆಯುವ ಕೆಲಸ ಬಾಕಿ ಉಳಿದಿದೆ. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಐಟಿ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಕೊಡುತ್ತದೆ, ಆ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದೂ ಲಿನಕ್ಸೇ. ಕರ್ನಾಟಕದೊಳಗೆ ನಾವು ಕನ್ನಡ ರಾಜ್ಯೋತ್ಸವದ ಭಾಷಣ ಬರೆಯುತ್ತಿದ್ದೇವೆ.

“ಟರ್ಮಿನಲ್ ಮುಟ್ಟುವವನಿಗೆ ಇಂಗ್ಲಿಷ್ ಬಂದೇ ಬರುತ್ತದೆ ಬಿಡ್ರಿ” ಅನ್ನುವವರಿದ್ದಾರೆ. ಆ ಹುಡುಗಿಗೂ ಇಂಗ್ಲಿಷ್ ಬರುತ್ತದೆ, ಪರೀಕ್ಷೆ ಬರೆಯುವಷ್ಟು. ಇನ್ನು ಇಂಗ್ಲಿಷ್ ಒಂದೇ ಸಾಕು ಅನ್ನುವುದಾದರೆ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಕತೆ ನೋಡಿ. 2021ರಲ್ಲಿ ಪಾಪ್ ಓಎಸ್‌ನಲ್ಲಿ ಆಟದ ತಂತ್ರಾಂಶವೊಂದನ್ನು ಹಾಕಲು ಹೋದರು. ಅಪಾಯ ಅಂತ ಆಪ್ಟ್ ಎಚ್ಚರಿಸಿತು, “ಹೌದು, ನಾನು ಹೇಳಿದಂತೆ ಮಾಡು” ಅನ್ನುವ ಇಡೀ ವಾಕ್ಯವನ್ನೇ ಟೈಪ್ ಮಾಡಿಸಿಕೊಂಡಿತು. ಅವರು ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ಇಂಗ್ಲಿಷೇ ಮನೆಮಾತಾದವರಿಗೆ ಹೀಗಾದರೆ, ಕೈಪಿಡಿಯನ್ನು ಸಾಲಿಗೆ ಸಾಲು ಕನ್ನಡ ಮಾಡಿಟ್ಟು ನಾವು ಗೆದ್ದೆವು ಅಂದುಕೊಳ್ಳುವುದೂ ಮೂರ್ಖತನ. ಈಗ ಯಂತ್ರವೇ ಅನುವಾದ ಮಾಡುತ್ತದಲ್ಲ ಅನ್ನುವವರಿಗೂ ಇದೇ ಮಾತು. ಬೇಕಿರುವುದು ವಿವರಣೆ.

ಅದನ್ನು ನಮ್ಮಂಥವರೇ ಬರೆಯಬೇಕು ಅಂತ ನಮ್ಮ ವಾದ. ಗ್ರಾಮೀಣ ಪತ್ರಿಕೋದ್ಯಮ ಓದುವಾಗ ನಾವು ಕಲಿತದ್ದೇನು? ಬೀಜದ ಚೀಲದ ಮೇಲಿನ ಚೀಟಿ, ಬೆಳೆ ವಿಮೆಯ ಫಾರ್ಮು, ಕೀಟನಾಶಕದ ಡಬ್ಬಿ ಇವನ್ನು ರೈತರಿಗೆ ತಿಳಿಯುವ ಹಾಗೆ ಬರೆಯುವುದು. ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ಯಾರನ್ನಾದರೂ ಕೇಳಿ, ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಹೇಳುತ್ತಾರೆ. ಕೆಂಪು ಅಂದರೆ ಭಾರಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಸಣ್ಣಕ್ಷರದ ಹಾಳೆಯನ್ನು ಯಾರೂ ಓದುವುದಿಲ್ಲ, ತ್ರಿಕೋನವನ್ನು ಎಲ್ಲರೂ ನೋಡುತ್ತಾರೆ. ಕುರುಗೋಡಿನ ಗೆಳೆಯನೊಬ್ಬ ಚಹಾ ಕುಡಿಯುತ್ತಾ “ಇದನ್ನೇ ಕಮಾಂಡಿಗೂ ಹಾಕ್ರಲೇ” ಅಂದ. ಹಾಕಿದೆವು.

ಕೆಂಪು ತ್ರಿಕೋನ ಹೈಫನ್ ವೈಗೆ. ಅದಕ್ಕಿಂತ ಕಳ್ಳ ಇನ್ನೊಂದಿದೆ: ಹೈಫನ್ ಕ್ಯೂ ಕ್ಯೂ. ಒಂದು ಕ್ಯೂ ಹಾಕಿದರೆ ‘ಮಾತು ಕಡಿಮೆ ಮಾಡು’ ಅಂತಷ್ಟೇ. ಎರಡು ಕ್ಯೂ ಹಾಕಿದರೆ ಮಾತೂ ನಿಲ್ಲುತ್ತದೆ, ಜೊತೆಗೆ ಹೈಫನ್ ವೈ ತಾನಾಗಿ ಸೇರಿಕೊಳ್ಳುತ್ತದೆ. ಇಂಗ್ಲಿಷ್ ಕೈಪಿಡಿ ಇದನ್ನು ಸ್ಪಷ್ಟವಾಗಿಯೇ ಎಚ್ಚರಿಸಿದೆ, ಓದಿದವರು ಎಷ್ಟು ಮಂದಿಯೋ. ಹೈಫನ್ ಎಫ್ ಕತೆ ಬೇರೆ. ಕಡತ ಅಳಿಸುವ ಆರ್‌ಎಂನಲ್ಲಿ ಎಫ್ ಅಂದರೆ ಬಲವಂತ, ಟೇಲ್‌ನಲ್ಲಿ ಹಿಂಬಾಲಿಸು, ಆಪ್ಟ್‌ಗೆಟ್‌ನಲ್ಲಿ ಮುರಿದದ್ದನ್ನು ಸರಿಪಡಿಸು. ಒಂದೇ ಅಕ್ಷರ, ಮೂರು ಊರಲ್ಲಿ ಮೂರು ಅರ್ಥ. ‘ಫೋರ್ಸ್ ಹಾಕಿ ನೋಡು’ ಅಂತ ಹೇಳಿಕೊಡುವ ಅಣ್ಣಂದಿರು ಇದನ್ನು ತಿಳಿದರೆ ಒಳ್ಳೆಯದು.

ಪದಗಳ ವಿಷಯಕ್ಕೆ ಒಂದು ಭಾನುವಾರ ಪೂರ್ತಿ ಜಗಳವಾಯಿತು. ಅಪ್‌ಡೇಟ್, ಅಪ್‌ಗ್ರೇಡ್ ಎರಡಕ್ಕೂ ‘ನವೀಕರಣ’ ಅಂತ ಬರೆಯುವ ರೂಢಿ ಇದೆ. ಆಪ್ಟ್‌ನಲ್ಲಿ ಎರಡೂ ಬೇರೆ ಬೇರೆ. ಅಪ್‌ಡೇಟ್ ಯಾವ ತಂತ್ರಾಂಶವನ್ನೂ ಬದಲಿಸುವುದಿಲ್ಲ, ಯಾವುದರ ಹೊಸ ಆವೃತ್ತಿ ಬಂದಿದೆ ಅನ್ನುವ ಪಟ್ಟಿಯನ್ನು ಮಾತ್ರ ತರುತ್ತದೆ. ಕೊನೆಗೆ ‘ಪಟ್ಟಿ ತಾಜಾ ಮಾಡು’ ಮತ್ತು ‘ಹೊಸದಕ್ಕೆ ಏರಿಸು’ ಅಂತ ಇಟ್ಟುಕೊಂಡೆವು. ರಿಮೂವ್ ಮತ್ತು ಪರ್ಜ್‌ಗೆ ಮಾತು ಹೊಲದಲ್ಲೇ ಸಿಕ್ಕಿತು. ರಿಮೂವ್ ಅಂದರೆ ಕಳೆಯನ್ನು ಮೇಲಿಂದ ಕೊಯ್ಯುವುದು, ಸೆಟ್ಟಿಂಗಿನ ಬೇರು ಉಳಿಯುತ್ತದೆ. ಪರ್ಜ್ ಅಂದರೆ ಬೇರುಸಮೇತ ಕೀಳುವುದು. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಕಳೆ ತೆಗೆದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ‘ನಿರ್ಮೂಲನ’ ಅಂತ ಬರೆಯಬೇಕು ಅಂದವರಿಗೆ ಆ ಚಹಾದ ಬಿಲ್ಲು ಕೊಡಿಸಿದೆವು.

ಕಮಾಂಡನ್ನೇ ಕನ್ನಡ ಮಾಡಬೇಕು ಅನ್ನುವುದು ನಮ್ಮ ಹಟವಲ್ಲ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಹಾಳೆಯಲ್ಲಿ ಅದರ ಪಕ್ಕ ಕನ್ನಡ ಲಿಪಿಯ ಉಚ್ಚಾರವೂ ಇರಲಿ, ಯಾಕೆಂದರೆ ನಮ್ಮ ಕಡೆ ಅರ್ಧ ರಿಪೇರಿ ಫೋನಿನಲ್ಲೇ ನಡೆಯುತ್ತದೆ.

ಊರ ಕಷ್ಟಕ್ಕೆ ತಕ್ಕ ಆಯ್ಕೆಗಳನ್ನು ಮುಂದೆ ತರಬೇಕು ಅನ್ನುವುದು ನಮ್ಮ ಇನ್ನೊಂದು ಮಾತು. ಇಂಗ್ಲಿಷ್ ಕೈಪಿಡಿಯಲ್ಲಿ ಎಲ್ಲೋ ನಡುವೆ ಬರುವ ‘ನೋ ಇನ್‌ಸ್ಟಾಲ್ ರೆಕಮೆಂಡ್ಸ್’ ನಮಗೆ ಮೊದಲ ಪುಟದ ಸುದ್ದಿ. ಅತ್ಯಗತ್ಯವಾದದ್ದು ಮಾತ್ರ ಸಾಕು, ‘ಇದ್ದರೆ ಒಳ್ಳೆಯದು’ ಅನ್ನುವುದನ್ನು ಬಿಡು ಅಂತ ಅದರ ಅರ್ಥ. ಡೇಟಾ ಉಳಿಯುತ್ತದೆ. ಹೈಫನ್ ಡಿ ಅಂದರೆ ಇಳಿಸಿಕೋ, ಹಾಕಬೇಡ. ಬಳ್ಳಾರಿಯಲ್ಲಿ ನೆಟ್ ಚೆನ್ನಾಗಿರುವಾಗ ಇಳಿಸಿಕೊಂಡು ಊರಿಗೆ ಹೋಗಿ ಹಾಕಿಕೊಳ್ಳಬಹುದು. ನೆಟ್ಟೇ ಇಲ್ಲದ ಕಂಪ್ಯೂಟರಿಗೆ ಪೆನ್‌ಡ್ರೈವಿನಲ್ಲಿ ಒಯ್ಯಲು ಆಪ್ಟ್ ಆಫ್‌ಲೈನ್ ಅನ್ನುವ ಪ್ರತ್ಯೇಕ ಸಾಧನವೇ ಇದೆ, ಬರೆದವರು ನಮ್ಮ ದೇಶದವರೇ ಆದ ರಿತೇಶ್ ರಾಜ್ ಸರಾಫ್.

ತ್ರಿಕೋನವೇ ಇಲ್ಲದ ಆಯ್ಕೆ ನಮ್ಮ ಹಾಳೆಯಲ್ಲಿ ಒಂದೇ: ಹೈಫನ್ ಎಸ್. ಸಿಮ್ಯುಲೇಟ್. ‘ಮಾಡಿದಂತೆ ತೋರಿಸು, ಮಾಡಬೇಡ.’ ಇದಕ್ಕೆ ಸುಡೋ ಕೂಡ ಬೇಕಿಲ್ಲ. ಆ ಹುಡುಗಿ ವೈ ಬದಲು ಎಸ್ ಹಾಕಿದ್ದರೆ ಅದೇ ಉದ್ದದ ಪಟ್ಟಿ ಬರುತ್ತಿತ್ತು, ಲ್ಯಾಪ್‌ಟಾಪ್ ಹಾಗೇ ಇರುತ್ತಿತ್ತು.

ಕರಡು ಹಾಳೆಯನ್ನು ಮೊದಲು ಅವಳಿಗೇ ಕಳಿಸಿದೆವು. ಮರುದಿನ ಮತ್ತೆ ಫೋನ್, ದನಿಯಲ್ಲಿ ಗಾಬರಿ. “ಅಣ್ಣಾ, ಏನೂ ಆಗಂಗಿಲ್ಲ ಅಂತ ಬರದೀರಿ. ಇಲ್ಲಿ ನೋಡಿದ್ರ ಸಾಲ್‌ಸಾಲೂ ರೆಮ್ವ್ ರೆಮ್ವ್ ಅಂತ ಬರಾಕತ್ತೈತಿ!” ಎಸ್ ಹಾಕಿದಾಗಲೂ ಆಪ್ಟ್‌ಗೆಟ್ ತೆಗೆಯಬಹುದಾದ ಪ್ರತಿ ಪ್ಯಾಕೇಜಿನ ಮುಂದೆ ಆ ನಾಲ್ಕು ಅಕ್ಷರ ಮುದ್ರಿಸುತ್ತದೆ, ಹಾಕಬಹುದಾದದ್ದಕ್ಕೆ ಇನ್‌ಸ್ಟ್ ಅನ್ನುತ್ತದೆ. ನಮಗೆ ರೂಢಿಯಾಗಿ ಕಣ್ಣಿಗೇ ಬಿದ್ದಿರಲಿಲ್ಲ. ಹಾಳೆಗೆ ಒಂದು ಸಾಲು ಸೇರಿಸಿದೆವು: “ರೆಮ್ವ್ ಅಂತ ಕಂಡರೆ ಹೆದರಬೇಡಿ, ಇನ್ನೂ ಏನನ್ನೂ ತೆಗೆದಿಲ್ಲ. ಆದರೆ ಪಟ್ಟಿ ಉದ್ದ ಇದ್ದರೆ ಅಲ್ಲಿಗೇ ಬಿಡಿ, ನಮಗೆ ಫೋನ್ ಮಾಡಿ.”